ಒಂದು ದಿನದ ವೇದಿಕೆ, ಹತ್ತು ವಾರದ ತರಗತಿ

ಊರಿನ ಸಾಹಿತ್ಯ ಸಂಘವೊಂದು ಶಾಲೆಯ ಜೊತೆ ಸೇರಿ ಏನಾದರೂ ಮಾಡೋಣ ಎಂದು ಹೊರಟರೆ, ಕರ್ನಾಟಕದಲ್ಲಿ ಸಾಮಾನ್ಯವಾಗಿ ಮೊದಲು ನಿಗದಿಯಾಗುವುದು ದಿನಾಂಕ ಮತ್ತು ಉದ್ಘಾಟಕರ ಹೆಸರು. ನಾನು ಈಗಿರುವ ಅಮೆರಿಕದಲ್ಲಿ ಅಂಥದೇ ಸಂಘ ಮೊದಲು ಕೇಳುವ ಪ್ರಶ್ನೆಗಳು ಬೇರೆ: ಯಾವ ತರಗತಿ, ವಾರದ ಯಾವ ದಿನ, ಎಷ್ಟನೇ ಪೀರಿಯಡ್, ಎಷ್ಟು ವಾರ. ಅಲ್ಲಿ ಕೆಲಸವನ್ನು ಕಾರ್ಯಕ್ರಮಗಳಲ್ಲಿ ಎಣಿಸುತ್ತಾರೆ, ಇಲ್ಲಿ ಭೇಟಿಗಳಲ್ಲಿ. ಈ ಎಣಿಕೆಯೊಂದು ಬದಲಾದರೆ, ನಮ್ಮಲ್ಲಿ ಈಗಾಗಲೇ ಇರುವ ಜನ, ಸಂಘ, ಉತ್ಸಾಹಗಳಿಂದಲೇ ಮಕ್ಕಳಿಗೆ ಸಿಗುವ ಫಲ ಹಲವು ಪಟ್ಟು ಹೆಚ್ಚುತ್ತದೆ ಎಂಬುದು ನನ್ನ ಬಲವಾದ ಅನಿಸಿಕೆ.

ಇಲ್ಲಿನ ಪದ್ಧತಿಗೆ ಅರುವತ್ತು ವರ್ಷ ದಾಟಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1964ರಲ್ಲಿ ಮೊಳೆತ ‘ಕ್ಯಾಲಿಫೋರ್ನಿಯಾ ಪೊಯೆಟ್ಸ್ ಇನ್ ದ ಸ್ಕೂಲ್ಸ್’, ನ್ಯೂಯಾರ್ಕಿನ ‘ಟೀಚರ್ಸ್ ಆ್ಯಂಡ್ ರೈಟರ್ಸ್ ಕೊಲ್ಯಾಬೊರೇಟಿವ್’ (1967), ಹ್ಯೂಸ್ಟನ್ನಿನ ‘ರೈಟರ್ಸ್ ಇನ್ ದ ಸ್ಕೂಲ್ಸ್’ (1983), ಡೆಟ್ರಾಯಿಟಿನ ‘ಇನ್‌ಸೈಡ್‌ಔಟ್’ (1995) ಇವೆಲ್ಲ ಕವಿ, ಕಥೆಗಾರರನ್ನು ತರಗತಿಯೊಳಗೆ ಕಳಿಸುವ ಸಂಸ್ಥೆಗಳು. ನ್ಯೂಯಾರ್ಕಿನ ಸಂಸ್ಥೆಯ ಹೆಸರಿನಲ್ಲಿ ಶಿಕ್ಷಕರು ಮೊದಲು, ಬರಹಗಾರರು ಆಮೇಲೆ ಬರುತ್ತಾರೆ. ಆ ಕ್ರಮ ನನಗೆ ಬಹಳ ಇಷ್ಟ. ಇವರ ಕೆಲಸದ ಮೂಲ ಘಟಕಕ್ಕೆ ರೆಸಿಡೆನ್ಸಿ ಎನ್ನುತ್ತಾರೆ. ಒಬ್ಬ ಬರಹಗಾರ, ಒಂದೇ ತರಗತಿ, ವಾರಕ್ಕೊಂದು ಸಲ. ಎಂಟು ಹತ್ತು ವಾರ ಸಾಮಾನ್ಯ, ಕೆಲವೆಡೆ ಇಡೀ ವರ್ಷವೂ ನಡೆಯುತ್ತದೆ.

ಇದರ ಗುಟ್ಟು ಇರುವುದು ಮೊದಲ ಭೇಟಿಗಿಂತ ಮುಂಚಿನ ಒಂದು ಗಂಟೆಯಲ್ಲಿ. ಶಿಕ್ಷಕರು, ಬರಹಗಾರರು, ಸಂಸ್ಥೆಯ ಸಂಯೋಜಕರು ಮೂವರೂ ಕೂತು ಮಾತಾಡಬೇಕು. ಆ ತಿಂಗಳಲ್ಲಿ ಪಾಠ ಎಲ್ಲಿಗೆ ಬಂದಿರುತ್ತದೆ, ಯಾವ ಮಗು ಬರೆಯಲು ತಡವರಿಸುತ್ತದೆ, ಯಾರ ಮನೆಮಾತು ಬೇರೆ, ಯಾರ ಮನೆಯಲ್ಲಿ ಇತ್ತೀಚೆಗೆ ಸಾವಾಗಿದೆ. ಈ ಕೊನೆಯದು ತಿಳಿಯದೆ ಹೋದ ಬರಹಗಾರರು ‘ನಿಮ್ಮ ಅಪ್ಪನ ಬಗ್ಗೆ ಬರೆಯಿರಿ’ ಎಂದುಬಿಡುತ್ತಾರೆ. ಆ ಕ್ಷಣಕ್ಕೆ ಒಂದು ಮಗುವನ್ನು ಕಳೆದುಕೊಂಡಂತೆಯೇ. ಇದೇ ಸಭೆಯಲ್ಲಿ ಒಂದು ಪುಟದ ಒಪ್ಪಂದವನ್ನೂ ಬರೆದಿಡಬೇಕು: ದಿನಾಂಕಗಳು, ರಜೆ ಬಂದರೆ ಬದಲಿ ದಿನ, ಹಾಳೆ ಪೆನ್ಸಿಲ್ ಯಾರದು, ಜೆರಾಕ್ಸ್ ಯಾರು ಮಾಡಿಸಬೇಕು, ಮಕ್ಕಳ ಬರಹ ಯಾರ ಬಳಿ ಉಳಿಯಬೇಕು, ಅಚ್ಚಿಗೆ ಪೋಷಕರ ಒಪ್ಪಿಗೆ ಯಾರು ತರಬೇಕು. ನಾಲ್ಕನೆಯ ಭೇಟಿಯ ನಂತರ ಅರ್ಧ ಗಂಟೆ, ಎಲ್ಲ ಮುಗಿದ ಮೇಲೆ ಒಂದು ಗಂಟೆ ಮತ್ತೆ ಕೂರಬೇಕು. ಚೆನ್ನಾಗಿ ನಡೆಯುವ ಸಂಸ್ಥೆಗಳು ಈ ಸಭೆಗಳ ಸಮಯಕ್ಕೂ ಬರಹಗಾರರಿಗೆ ಸಂಭಾವನೆ ಕೊಡುತ್ತವೆ. ಕೊಡದಿದ್ದಲ್ಲಿ ಮೊದಲು ಬಿಟ್ಟುಹೋಗುವುದೇ ಈ ಸಭೆ. ಸಭೆ ಬಿಟ್ಟುಹೋದ ರೆಸಿಡೆನ್ಸಿ ಮೂರನೇ ವಾರಕ್ಕೆ ಸೊರಗುತ್ತದೆ.

ಯಾಕೆ ಸೊರಗುತ್ತದೆ ಎಂದರೆ, ಆಗ ಶಿಕ್ಷಕರು ಹಿಂದಿನ ಬೆಂಚಿನಲ್ಲಿ ಕೂತು ಉತ್ತರಪತ್ರಿಕೆ ತಿದ್ದಲು ಶುರುಮಾಡುತ್ತಾರೆ. ಅದು ಅವರ ತಪ್ಪಲ್ಲ, ಅವರಿಗೆ ಆ ತರಗತಿಯಲ್ಲಿ ಪಾತ್ರವನ್ನೇ ಕೊಟ್ಟಿರುವುದಿಲ್ಲ. ಇಲ್ಲಿ ಬರಹಗಾರರು ಶಾಲೆಯೊಳಗೆ ಕಾಲಿಡುವ ಮೊದಲು ಅವರ ಹಿನ್ನೆಲೆ ಪರಿಶೀಲನೆ ಆಗುತ್ತದೆ, ಅನೇಕ ಕಡೆ ಬೆರಳಚ್ಚನ್ನೂ ಕೊಡಬೇಕು. ಅಷ್ಟಾದರೂ ತರಗತಿಯಲ್ಲಿ ಶಿಕ್ಷಕರು ಇರಲೇಬೇಕು ಎಂಬುದು ರೂಢಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ (2012) ಬಂದಮೇಲೆ ಕರ್ನಾಟಕದಲ್ಲೂ ಈ ಎಚ್ಚರ ಅಷ್ಟೇ ಬೇಕು. ಆದರೆ ಕಾವಲಿಗಾಗಿ ಇರುವುದು ಬೇರೆ, ಮಕ್ಕಳ ಜೊತೆ ತಾವೂ ಹಾಳೆ ಹಿಡಿದು ಬರೆಯುವುದು ಬೇರೆ. ಶಿಕ್ಷಕರು ತಮ್ಮ ಮೊದಲ ಕರಡನ್ನು, ಗೀಟು ಹಾಕಿ ಹೊಡೆದ ಸಾಲುಗಳ ಸಮೇತ, ಮಕ್ಕಳಿಗೆ ಓದಿ ತೋರಿಸಿದ ದಿನ ತರಗತಿಯ ಗಾಳಿಯೇ ಬದಲಾಗುತ್ತದೆ.

ಕರ್ನಾಟಕದ ಪೀರಿಯಡ್ ನಲವತ್ತು ನಿಮಿಷ ಎಂದಿಟ್ಟುಕೊಳ್ಳೋಣ. ಹಾಜರಿ ಹಾಕಿ ನೆಲೆಗೊಳ್ಳಲು ಐದು ನಿಮಿಷ. ಮಾದರಿ ಪದ್ಯವನ್ನೋ ಗದ್ಯದ ತುಣುಕನ್ನೋ ಎರಡು ಸಲ ಜೋರಾಗಿ ಓದಲು ಆರು ನಿಮಿಷ, ಅದರ ಬಗ್ಗೆ ಮಾತಿಗೆ ಏಳು, ಬರೆಯಲು ಹದಿನೈದು, ನಾಲ್ಕೈದು ಮಕ್ಕಳು ಓದಲು ಉಳಿದ ಏಳು. ಬರೆಯುವ ಹದಿನೈದು ನಿಮಿಷವನ್ನು ಯಾವ ಕಾರಣಕ್ಕೂ ಕಡಿಮೆ ಮಾಡಕೂಡದು. ಭಾಷಣದ ಅಭ್ಯಾಸವಿರುವ ಹಿರಿಯ ಸಾಹಿತಿಗಳು ಎಡವುವುದು ಇಲ್ಲೇ, ಮಾತು ಇಪ್ಪತ್ತೈದು ನಿಮಿಷಕ್ಕೆ ಹೋಗಿ ಬರವಣಿಗೆ ‘ಮನೆಯಲ್ಲಿ ಬರೆದುಕೊಂಡು ಬನ್ನಿ’ ಆಗಿಬಿಡುತ್ತದೆ. ಮನೆಯಲ್ಲಿ ಬರೆದದ್ದರಲ್ಲಿ ಅಕ್ಕ, ಅಮ್ಮ, ಗೈಡು ಎಲ್ಲರ ಕೈಯೂ ಸೇರುತ್ತದೆ.

ಒಂದೇ ಮಾದರಿ ಕೊಟ್ಟರೆ ಮಕ್ಕಳು ಅದನ್ನೇ ನಕಲು ಮಾಡುತ್ತಾರೆ. ಹಾಗಾಗಿ ಒಂದಕ್ಕೊಂದು ಹೋಲದ ಎರಡು ಮಾದರಿ ಒಯ್ಯಬೇಕು. ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ, ಪ್ರಾಸ. ಪದ್ಯವೆಂದರೆ ಸಾಲಿನ ಕೊನೆ ಹೊಂದಲೇಬೇಕು ಎಂದು ನಂಬಿದ ಮಗು ‘ಮರ’ಕ್ಕೆ ‘ವರ’ ಹುಡುಕುತ್ತ ತಾನು ನೋಡಿದ ಮರವನ್ನೇ ಮರೆಯುತ್ತದೆ. ಇದಕ್ಕೆ ಮದ್ದು ನಮ್ಮ ಹತ್ತಿರವೇ ಇದೆ: ಒಗಟು. ಊರಿನ ಹಿರಿಯರಿಂದ ಐದು ಒಗಟು ಕೇಳಿಕೊಂಡು ಬನ್ನಿ ಎಂದು ಹೇಳಿ, ಮರುವಾರ ಹಾಗೆಯೇ ಸೈಕಲ್ಲು, ಚಾರ್ಜರು, ಬೋರ್‌ವೆಲ್ಲಿನ ಮೇಲೆ ಒಗಟು ಕಟ್ಟಿಸಿದರೆ ರೂಪಕ ಎಂಬ ಪದವನ್ನು ಹೇಳದೆಯೇ ರೂಪಕ ಕಲಿತಿರುತ್ತಾರೆ. ಅಮೆರಿಕದ ತರಗತಿಗಳಲ್ಲಿ ಈ ಬೀಜವನ್ನು ಹೊರಗಿಂದ ತಂದು ನೆಡಬೇಕಾಗುತ್ತದೆ. ನಮ್ಮಲ್ಲಿ ತ್ರಿಪದಿ, ಲಾವಣಿ, ಸೋಬಾನೆ, ಗಾದೆ ಮನೆಯ ಹಿತ್ತಿಲಲ್ಲೇ ಇವೆ. ತುಳು, ಕೊಂಕಣಿ, ಬ್ಯಾರಿ, ಉರ್ದು, ಲಂಬಾಣಿ ಮನೆಮಾತಿನ ಮಗು ತನ್ನ ಪದವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಅದನ್ನು ಹಾಗೆಯೇ ಉಳಿಸಬೇಕು. ಮೊದಲ ಕರಡಿನ ಮೇಲೆ ಕೆಂಪು ಶಾಯಿ ಬೀಳಲೇಬಾರದು.

ಕರ್ನಾಟಕದ ಶಕ್ತಿಯನ್ನು ಕಡಿಮೆಯಾಗಿ ಕಾಣುವವರ ಮಾತು ನನಗೆ ಒಪ್ಪಿಗೆಯಿಲ್ಲ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿಗೆ ಜಿಲ್ಲೆ, ತಾಲ್ಲೂಕು, ಹೋಬಳಿ ಮಟ್ಟದವರೆಗೆ ಘಟಕಗಳಿವೆ. ಇಷ್ಟು ಆಳಕ್ಕೆ ಇಳಿದ ಸಾಹಿತ್ಯ ಸಂಸ್ಥೆ ಅಮೆರಿಕದಲ್ಲಿ ನನಗೆ ಕಂಡಿಲ್ಲ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಷ್ಟು ಹಳೆಯದು. ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಲ್ಲಿ ಶುರುವಾದ ನೀನಾಸಮ್, ಸಂಸ್ಕೃತಿ ಶಿಬಿರದ ಮೂಲಕ ಶಿಕ್ಷಕರನ್ನೂ ಓದುಗರನ್ನೂ ದಿನಗಟ್ಟಲೆ ಒಂದೇ ಸೂರಿನಡಿ ಕೂರಿಸಿದೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಬೇಸಿಗೆಯಲ್ಲಿ ಮಕ್ಕಳನ್ನು ವಾರಗಟ್ಟಲೆ ಕಲೆಯ ಜೊತೆ ಇಡುತ್ತದೆ. ಅಂದರೆ ದೀರ್ಘ ಒಡನಾಟ ನಮಗೆ ಹೊಸದಲ್ಲ. ಅದು ಶಾಲೆಯ ವೇಳಾಪಟ್ಟಿಯೊಳಗೆ ಬಂದಿಲ್ಲ, ಅಷ್ಟೆ. ಪ್ರತಿಭಾ ಕಾರಂಜಿ ಕ್ಲಸ್ಟರಿನಿಂದ ರಾಜ್ಯ ಮಟ್ಟದವರೆಗೆ ಮಕ್ಕಳನ್ನು ವೇದಿಕೆಗೆ ಏರಿಸುತ್ತದೆ, ಅದು ದೊಡ್ಡ ಸಂಗತಿ. ಆದರೆ ಸ್ಪರ್ಧೆ ಆಯ್ದ ಕೆಲವರಿಗೆ. ರೆಸಿಡೆನ್ಸಿಯಲ್ಲಿ ಕೊನೆಯ ಬೆಂಚಿನ ಮಗುವಿಗೂ ಪಾಲಿದೆ.

ಅಮೆರಿಕದ ದಾರಿಯ ದೌರ್ಬಲ್ಯ ಹಣದಲ್ಲಿದೆ. ಸರ್ಕಾರದ ಕಲಾ ಅನುದಾನ, ಖಾಸಗಿ ಪ್ರತಿಷ್ಠಾನ, ಶಾಲೆಯ ಶುಲ್ಕ, ದಾನಿಗಳು ಹೀಗೆ ನಾಲ್ಕು ಕಾಲಿನ ಮೇಲೆ ನಿಂತ ಮೇಜು ಅದು. 2025ರ ಮೇ ತಿಂಗಳಲ್ಲಿ ರಾಷ್ಟ್ರೀಯ ಕಲಾ ನಿಧಿಯಾದ ಎನ್‌ಇಎ, ದೇಶದ ಅನೇಕ ಕಲಾ ಸಂಸ್ಥೆಗಳಿಗೆ ಮಂಜೂರಾಗಿದ್ದ ಅನುದಾನಗಳನ್ನು ರದ್ದುಮಾಡಿತು. ಅನುದಾನ ಕೊಡುವವರು ಅಂಕಿಸಂಖ್ಯೆ ಕೇಳುವುದರಿಂದ ವರದಿ ಬರೆಯುವುದಕ್ಕೇ ಒಬ್ಬರು ಬೇಕಾಗುತ್ತಾರೆ. ಇಲ್ಲಿನವರು ನಮ್ಮಿಂದ ಕಲಿಯಬೇಕಾದದ್ದು ಊರಿನ ಜನರೇ ಹೊರುವ ಸಂಘಟನೆಯನ್ನು.

ಹಾಗಾದರೆ ಒಂದು ತಾಲ್ಲೂಕಿನ ಸಂಘ ಎಲ್ಲಿಂದ ಆರಂಭಿಸಬಹುದು? ಒಂದು ಶಾಲೆ, ಏಳನೆಯ ಅಥವಾ ಎಂಟನೆಯ ತರಗತಿ, ಒಬ್ಬ ಬರಹಗಾರ, ಆರು ಭೇಟಿ. ಹತ್ತು ಭೇಟಿಗೆ ಹೋಗುವುದು ಮುಂದಿನ ವರ್ಷ. ಹತ್ತನೇ ತರಗತಿ ಬೇಡ, ಎಸ್‌ಎಸ್‌ಎಲ್‌ಸಿಯ ಒತ್ತಡದಲ್ಲಿ ಪೀರಿಯಡ್ ಸಿಗುವುದಿಲ್ಲ. ಶಾಲೆ ತೆರೆದು ಹೊಂದಿಕೊಂಡ ಮೇಲೆ, ಜುಲೈ ನಡುವಿನಿಂದ ದಸರಾ ರಜೆಗೆ ಮೊದಲು, ಒಳ್ಳೆಯ ಕಾಲ. ನವೆಂಬರ್ ಬೇಡವೇ ಬೇಡ. ರಾಜ್ಯೋತ್ಸವದ ತಿಂಗಳಲ್ಲಿ ಬರಹಗಾರರು ಒಂದಲ್ಲ ಒಂದು ವೇದಿಕೆಯ ಮೇಲಿರುತ್ತಾರೆ, ಎರಡು ವಾರ ತಪ್ಪಿದರೆ ಎಳೆ ಕಡಿಯುತ್ತದೆ. ಸರ್ಕಾರಿ ಶಾಲೆಯಾದರೆ ಮುಖ್ಯ ಶಿಕ್ಷಕರ ಮೌಖಿಕ ಒಪ್ಪಿಗೆ ಸಾಲದು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತ ಮನವಿ ಕೊಟ್ಟು ಅನುಮತಿ ಪಡೆದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಟ್ಟು, ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಒಂದು ಪ್ರತಿ ಕೊಡಬೇಕು. ಮಧ್ಯದಲ್ಲಿ ಮುಖ್ಯ ಶಿಕ್ಷಕರ ವರ್ಗಾವಣೆಯಾದರೆ ಕೆಲಸ ಉಳಿಯುವುದು ಈ ಕಾಗದದಿಂದಲೇ. ಬರಹಗಾರರನ್ನು ಆರಿಸುವಾಗ ಪ್ರಶಸ್ತಿಗಿಂತ ಊರು ನೋಡಿ. ಇಪ್ಪತ್ತು ಕಿಲೋಮೀಟರ್ ಒಳಗಿನವರು ಆರು ವಾರವೂ ಬರುತ್ತಾರೆ. ಶಾಲು, ಹಾರ, ಸ್ಮರಣಿಕೆಗೆ ತೆಗೆದಿಟ್ಟ ಹಣವನ್ನು ಅವರ ಬಸ್ ಖರ್ಚಿಗೆ ಮತ್ತು ಗೌರವಧನಕ್ಕೆ ತಿರುಗಿಸಿ. ಇದನ್ನು ಹೇಳಲು ಸಂಘದ ಪದಾಧಿಕಾರಿಗಳಿಗೆ ಸಂಕೋಚವಾಗುತ್ತದೆ ಎಂದು ಬಲ್ಲೆ, ಆದರೂ ಹೇಳಲೇಬೇಕು.

ಕೊನೆಗೆ ಪುಸ್ತಿಕೆ. ಮೂವತ್ತು ಮಕ್ಕಳಾದರೆ ತಲಾ ಒಂದು ಪುಟ, ಶೀರ್ಷಿಕೆ ಪುಟ ಒಂದು, ಶಿಕ್ಷಕರ ಮಾತು ಒಂದು, ಒಟ್ಟು 32. ಎ4 ಹಾಳೆಯ ಎರಡೂ ಬದಿ ಅಚ್ಚಾಗಿ ನಡುವೆ ಮಡಿಸಿದರೆ ಹಾಳೆಗೆ ನಾಲ್ಕು ಪುಟ, ಪುಸ್ತಿಕೆಯ ಒಂದು ಪ್ರತಿಗೆ ಎಂಟೇ ಹಾಳೆ ಮತ್ತು ರಕ್ಷಾಪುಟ, ಬೆನ್ನಿಗೆ ಎರಡು ಪಿನ್ನು. ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗದಿದ್ದರೆ ಖಾಲಿ ಪುಟ ಉಳಿಯುತ್ತದೆ. ಮಕ್ಕಳ ಕೈಬರಹ ಹಿಂತಿರುಗಿಸುವ ಮೊದಲು ಫೋಟೊ ತೆಗೆದಿಡಿ. ಕರಡು ತಿದ್ದುವಾಗ ಇದು ಬೇಕೇ ಬೇಕು, ಏಕೆಂದರೆ ಟೈಪ್ ಮಾಡುವವರು ‘ಬಂದಾರ’ ಎಂದು ಮಗು ಬರೆದದ್ದನ್ನು ‘ಬಂದಿದ್ದಾರೆ’ ಎಂದು ತಿದ್ದಿರುತ್ತಾರೆ. ಯೂನಿಕೋಡಿನಲ್ಲಿ ಟೈಪ್ ಮಾಡಿಸಿದ್ದನ್ನು ಮುದ್ರಣಾಲಯದವರು ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರಿಗಾಗಿ ನುಡಿ ಅಥವಾ ಶ್ರೀಲಿಪಿಯಂಥ ಹಳೆಯ ಫಾಂಟುಗಳಿಗೆ ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಚೆದುರುತ್ತವೆ. ಆದ್ದರಿಂದ ಪರಿವರ್ತನೆಯ ಮೊದಲು ಒಮ್ಮೆ, ನಂತರ ಇನ್ನೊಮ್ಮೆ ಕರಡು ನೋಡಲೇಬೇಕು, ಎರಡನೆಯದನ್ನು ಆಯಾ ಮಗುವೇ ನೋಡಬೇಕು. ಪ್ರತಿ ಮಗುವಿಗೆ ಎರಡು, ಶಾಲೆಗೆ ಎರಡು, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಎರಡು, ಸಂಘಕ್ಕೆ ಆರು, ಹೀಗೆ ಎಪ್ಪತ್ತು ಪ್ರತಿ ಸಾಕು. ಬಿಡುಗಡೆಯ ದಿನ ವೇದಿಕೆ ಇರಲಿ, ಅತಿಥಿಗಳೂ ಇರಲಿ. ಮೂವತ್ತು ಮಕ್ಕಳು ತಲಾ ಒಂದೂವರೆ ನಿಮಿಷ ಓದಿದರೆ ನಲವತ್ತೈದು ನಿಮಿಷವಾಗುತ್ತದೆ. ಅದು ಮುಗಿಯುವವರೆಗೆ ಭಾಷಣಕ್ಕೆ ಮೈಕು ಕೊಡಬೇಡಿ.

ಇನ್ನು ನಮ್ಮದೇ ಹೊರನಾಡಿನ ವಾರಾಂತ್ಯದ ಕನ್ನಡ ಶಾಲೆಗಳು. ಪೋಷಕರೇ ಶಿಕ್ಷಕರಾಗಿ ಅಕ್ಷರ, ಕಾಗುಣಿತ ಕಲಿಸುತ್ತಾರೆ. ಅವರ ಶ್ರಮಕ್ಕೆ ನಾನು ಋಣಿ. ಆದರೆ ಕಾಗುಣಿತ ಮುಗಿದ ಮಗು ಕನ್ನಡದಲ್ಲಿ ಏನನ್ನು ಬರೆಯಬೇಕು ಎಂಬಲ್ಲಿ ನಾವು ನಿಂತುಬಿಡುತ್ತೇವೆ. ಅಂಥ ತರಗತಿಯೊಂದನ್ನು ಮೇಲೆ ಹೇಳಿದ ಆರು ವಾರದ ತರಗತಿಗೆ ಜೋಡಿಸಬಹುದು. ವಿಡಿಯೊ ಭೇಟಿಗಿಂತ ಒಗಟಿನ ಹಾಳೆಗಳ ವಿನಿಮಯ ಹೆಚ್ಚು ಬಾಳುತ್ತದೆ: ಅಲ್ಲಿನ ಮಗು ಒಗಟು ಕಳಿಸಲಿ, ಇಲ್ಲಿನ ಮಗು ಉತ್ತರದ ಜೊತೆ ತನ್ನದೊಂದು ಒಗಟು ಕಳಿಸಲಿ. ಮುಖ ನೋಡಿ ಮಾತಾಡಲೇಬೇಕೆಂದರೆ, ಕ್ಯಾಲಿಫೋರ್ನಿಯಾದ ಶುಕ್ರವಾರ ರಾತ್ರಿ ಎಂಟು ಗಂಟೆ ಬೇಸಿಗೆ ಕಾಲಮಾನದಲ್ಲಿ ಕರ್ನಾಟಕದ ಶನಿವಾರ ಬೆಳಿಗ್ಗೆ ಎಂಟೂವರೆ, ಅಲ್ಲಿ ಶನಿವಾರದ ಬೆಳಗಿನ ಶಾಲೆ ನಡೆಯುತ್ತಿರುವ ಹೊತ್ತು. ನವೆಂಬರಿನಲ್ಲಿ ಇಲ್ಲಿನ ಗಡಿಯಾರ ಹಿಂದೆ ಸರಿದ ಮೇಲೆ ಅದೇ ಭೇಟಿ ಅಲ್ಲಿ ಒಂಬತ್ತೂವರೆಗೆ ಬೀಳುತ್ತದೆ, ಮುಖ್ಯ ಶಿಕ್ಷಕರಿಗೆ ಮೊದಲೇ ತಿಳಿಸಿಡಿ.