ಮೈಕೆಲ್ ವುಡ್ ಕೋಲಾರದ ಒಂದು ಊರು ಹಿಡಿದಿದ್ದರೆ

ಟಿವಿಯಲ್ಲಿ ಇತಿಹಾಸ ಹೇಳುವವರಲ್ಲಿ ನಿಮಗೆ ಯಾರು ಇಷ್ಟ ಅಂತ ಕೇಳಿದರೆ ನನ್ನ ಉತ್ತರ ಮೈಕೆಲ್ ವುಡ್. ಬಿಬಿಸಿ ನೋಡುವವರಿಗೆ ಪರಿಚಯದ ಮುಖ. ಟ್ರಾಯ್ ಯುದ್ಧದ ಜಾಡು ಹಿಡಿದು ಹೋದವರು (1985). ಅಲೆಕ್ಸಾಂಡರ್ ಬಂದ ದಾರಿಯಲ್ಲೇ ಗ್ರೀಸಿನಿಂದ ನಮ್ಮ ಕಡೆಗೆ ಬಂದವರು (1998). ಎಲ್ಲರೂ ಇವನ್ನೇ ಹೊಗಳುತ್ತಾರೆ. ನನ್ನ ಲೆಕ್ಕದಲ್ಲಿ ಇವೆರಡಕ್ಕಿಂತ ದೊಡ್ಡ ಕೆಲಸ, 2010ರಲ್ಲಿ ಒಂದೇ ಒಂದು ಹಳ್ಳಿ ಇಟ್ಟುಕೊಂಡು ಅವರು ಮಾಡಿದ 'ಸ್ಟೋರಿ ಆಫ್ ಇಂಗ್ಲೆಂಡ್'.

ಮೊದಲು ಮನುಷ್ಯನ ಬಗ್ಗೆ ಸ್ವಲ್ಪ. ಹುಟ್ಟಿದ್ದು 1948ರಲ್ಲಿ, ಮ್ಯಾಂಚೆಸ್ಟರಿನಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟಿಗೆ ಓದುತ್ತಿದ್ದವರು ಅದನ್ನು ಅರ್ಧಕ್ಕೇ ಬಿಟ್ಟು ಟಿವಿ ವರದಿಗಾರರಾದರು. 1979ರ ಹೊತ್ತಿಗೆ ಬಿಬಿಸಿಯಲ್ಲಿ ಅವರದೇ ಸರಣಿ ಶುರುವಾಯಿತು. ಜೀನ್ಸ್ ಹಾಕಿಕೊಂಡು, ಬಿರಬಿರನೆ ನಡೆಯುತ್ತಾ, ಕ್ಯಾಮೆರಾ ಕಡೆ ತಿರುಗಿ ಏನೋ ಗುಟ್ಟು ಹೇಳುವವರ ಹಾಗೆ ಮಾತಾಡುವ ಹುಡುಗ. ಹೆಂಗಸರು ಅವರ ಮುಖ ನೋಡಲಿಕ್ಕೇ ಟಿವಿ ಹಾಕುತ್ತಾರೆ ಅಂತ ಪತ್ರಿಕೆಗಳು ತಮಾಷೆ ಮಾಡಿದವು. ಆ ತಮಾಷೆಯನ್ನೂ ಮೀರಿ ನಿಂತರು. 2013ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಕರೆದು ಪ್ರೊಫೆಸರ್ ಹುದ್ದೆ ಕೊಟ್ಟಿತು. ನಮ್ಮಲ್ಲಾಗಿದ್ದರೆ ಕಾಲೇಜು ಮೇಷ್ಟ್ರಾಗಲು ಬೇಕಾದ ನೆಟ್ ಪರೀಕ್ಷೆ ಪಾಸಾಗಿದೆಯಾ, ಪಿಎಚ್‌ಡಿ ಸರ್ಟಿಫಿಕೇಟ್ ಎಲ್ಲಿ ಅಂತ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು, ಬಿಡಿ.

ಸರಣಿಗಳ ಜೊತೆಗೆ ಪುಸ್ತಕಗಳೂ ಬಂದವು. ಅವು ಸುಮ್ನೆ ಟಿವಿ ಮಾತನ್ನು ಅಚ್ಚು ಹಾಕಿದವಲ್ಲ. ಮೊದಲ ಪುಸ್ತಕ 1981ರದು. ಅದರಲ್ಲಿ ಬಹುಪಾಲು ಹಳೆಯ ಇಂಗ್ಲೆಂಡಿನ ರಾಜರದೇ ಕಥೆ. ನಲವತ್ತು ವರ್ಷದ ಮೇಲೆ ಅದನ್ನೇ ಮತ್ತೆ ಕೈಗೆತ್ತಿಕೊಂಡು ತಿದ್ದಿದರು. ಹೆಂಗಸರ ಬಗ್ಗೆ, ಆಫ್ರಿಕಾದಿಂದ ಇಂಗ್ಲೆಂಡಿಗೆ ಬಂದ ಹೇಡ್ರಿಯನ್ ಎಂಬ ಸನ್ಯಾಸಿಯ ಬಗ್ಗೆ ಹೊಸ ಅಧ್ಯಾಯ ಸೇರಿಸಿದರು. ಚೆನ್ನಾಗಿ ಖರ್ಚಾಗುವ ಪುಸ್ತಕವನ್ನು ಯಾರು ಮತ್ತೆ ಬಿಚ್ಚಿ ಹೊಲಿಯುತ್ತಾರೆ, ಹೇಳಿ?

ಈಗ ಆ ಹಳ್ಳಿಗೆ ಬರೋಣ. ಹೆಸರು ಕಿಬ್‌ವರ್ತ್, ಲೆಸ್ಟರ್‌ಶೈರ್‌ನಲ್ಲಿದೆ. ಅರಮನೆ ಇಲ್ಲ, ದೊಡ್ಡ ಯುದ್ಧದ ಬಯಲೂ ಇಲ್ಲ. ವುಡ್ ಅಲ್ಲಿಗೆ ಹೋಗಿ ಊರಿನವರ ಕೈಗೇ ಸನಿಕೆ ಕೊಟ್ಟರು. ಜನ ತಮ್ಮ ಹಿತ್ತಲಲ್ಲಿ ಒಂದೊಂದು ಮೀಟರಿನ ಗುಂಡಿ ತೋಡಿ, ಬಂದ ಮಣ್ಣನ್ನು ಜರಡಿ ಹಿಡಿದರು. ಮಡಕೆ ಚೂರು, ಮೂಳೆ ಚೂರು ಸಿಕ್ಕವು. ಅದನ್ನು ತಜ್ಞರಿಗೆ ತೋರಿಸಿ, ಇದು ರೋಮನ್ನರ ಕಾಲದ್ದು, ಇದು ಆಮೇಲಿನದು ಅಂತ ಅವರ ಬಾಯಿಂದ ಕೇಳಿದಾಗ ಊರಿನವರ ಮುಖಗಳನ್ನು ನೋಡಬೇಕು. ವುಡ್‌ಗೆ ಇನ್ನೊಂದು ಅದೃಷ್ಟವೂ ಇತ್ತು. ಹದಿಮೂರನೇ ಶತಮಾನದಿಂದ ಆ ಊರಿನ ಒಂದು ಪಾಲು ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ಜಮೀನು. ಯಾರು ಯಾವ ಹೊಲ ಉಳುತ್ತಿದ್ದರು, ಯಾರಿಗೆ ದಂಡ ಬಿತ್ತು, 1349ರ ಪ್ಲೇಗಿನಲ್ಲಿ ಯಾವ ಯಾವ ಗೇಣಿದಾರ ಸತ್ತ, ಎಲ್ಲಾ ನಮ್ಮ ಶ್ಯಾನುಭೋಗರ ಲೆಕ್ಕದ ಹಾಗೆ ಬರೆದಿಟ್ಟಿದ್ದಾರೆ. ಆರು ಕಂತಿನಲ್ಲಿ ಇಡೀ ಇಂಗ್ಲೆಂಡಿನ ಕಥೆ ಆ ಒಂದು ಊರಿನ ಒಳಗಿಂದಲೇ ಬಂತು.

ಅವರ ಮೇಲೆ ನನಗೆ ಒಂದು ತಕರಾರಿದೆ. 2007ರ 'ಸ್ಟೋರಿ ಆಫ್ ಇಂಡಿಯಾ'ದಲ್ಲಿ ಚೋಳರ ಕಥೆ ಹೇಳಲು ತಂಜಾವೂರಿಗೆ ಹೋದರು. ಸರಿ, ಅಂಥ ದೇವಸ್ಥಾನ ಬಿಟ್ಟು ಇನ್ನೆಲ್ಲಿಗೆ ಹೋಗಬೇಕು. ಆದರೆ ನಮ್ಮ ಕೋಲಾರಮ್ಮನ ಗುಡಿಯಲ್ಲೂ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನ ಇದೆ ಅಲ್ವಾ. ರಾಜಧಾನಿಯಲ್ಲಿ ಕಾಣುವ ಚೋಳ ಬೇರೆ, ಗಡಿಯಲ್ಲಿ ಕಾಣುವ ಚೋಳ ಬೇರೆ.

ಕೋಲಾರದ ಸುತ್ತ ಯಾವ ಊರಿಗೆ ಹೋದರೂ ಒಂದು ವೀರಗಲ್ಲು ಸಿಗುತ್ತದೆ. ಸಾಮಾನ್ಯವಾಗಿ ಕೆಳಗಿನ ಅಂಕಣದಲ್ಲಿ ಕತ್ತಿ ಹಿಡಿದವನು, ಪಕ್ಕದಲ್ಲಿ ಒಮ್ಮೊಮ್ಮೆ ದನಗಳ ಸಾಲು. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೂತ ಅದೇ ಮನುಷ್ಯ. ಅವನು ರಾಜ ಅಲ್ಲ, ಎಷ್ಟೋ ಸಲ ಊರಿನ ದನ ಬಿಡಿಸಲು ಹೋಗಿ ಸತ್ತವನು. ಈಗ ಅದಕ್ಕೆ ಸುಣ್ಣ ಬಳಿದಿರುತ್ತಾರೆ, ಇಲ್ಲ ಅಂದರೆ ಬೈಕ್ ಒರಗಿಸಿರುತ್ತಾರೆ. ಅದರಲ್ಲಿ ಅಕ್ಷರ ಇದ್ದರೆ, ಮೈಸೂರು ಸೀಮೆಯ ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಹುಡುಕಿ ನೋಡಿ. ತಾಲ್ಲೂಕುವಾರು ನಂಬರ್ ಹಾಕಿದ್ದಾರೆ. ಬಂಗಾರಪೇಟೆಯವರು ಬೌರಿಂಗ್‌ಪೇಟೆ ಅಂತ ಹುಡುಕಬೇಕು. ಚಿಕ್ಕಬಳ್ಳಾಪುರ, ಚಿಂತಾಮಣಿಯವರೂ ಅದೇ ಸಂಪುಟ ತೆಗೆಯಬೇಕು, ಆಗ ಎಲ್ಲಾ ಒಂದೇ ಜಿಲ್ಲೆ.

ಇಷ್ಟೆಲ್ಲಾ ಕೈಗೆ ಎಟುಕುವಂತಿದ್ದರೂ ನಮ್ಮ ಚಾನೆಲ್‌ನವರು ಬಂದರೆ ಮೊದಲು ಕೇಳುವುದು ನಿಧಿ ಎಲ್ಲಿದೆ ಅಂತ. ಎರಡನೆಯದು ಸುರಂಗ. ಕರ್ನಾಟಕದ ಎಲ್ಲಾ ಕೋಟೆಗಳ ಸುರಂಗವೂ ಶ್ರೀರಂಗಪಟ್ಟಣಕ್ಕೇ ಹೋಗುತ್ತದಂತೆ, ಪಾಪ, ಅಲ್ಲಿಯವರಿಗೆ ನೆಲ ಕುಸಿಯದೆ ಇರುವುದೇ ಆಶ್ಚರ್ಯ. ಬೂದಿಕೋಟೆಯಲ್ಲಿ ಹೈದರಾಲಿ ಹುಟ್ಟಿದ ಅಂತ ಎರಡು ನಿಮಿಷ, ಹಿಂದೆ ಢಂ ಢಂ ಸಂಗೀತ, ಮುಗಿಯಿತು. ಆ ಊರಿನ ಅಜ್ಜಿಯನ್ನು ಒಂದು ಮಾತು ಕೇಳುವುದಿಲ್ಲ. ವುಡ್ ಬೇರೆಯಾಗುವುದು ಇಲ್ಲೇ. ಊರಿನವರು ಮಾತಾಡುವಾಗ ಅವರು ಬಾಯಿ ಮುಚ್ಚಿಕೊಂಡು ಕೇಳುತ್ತಾರೆ. ಟಿವಿಯಲ್ಲಿ ಇದು ಕಷ್ಟದ ಕೆಲಸ.

ನಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಇಳಿಯುವುದಾದರೆ ದಯವಿಟ್ಟು ಕೋಟೆ ಬಿಟ್ಟು ಒಂದು ಕೆರೆ ಇರುವ ಊರು ಹಿಡಿಯಿರಿ. ವೀರಗಲ್ಲಿನಿಂದ ಶುರು ಮಾಡಿ. ಕೆರೆ ಕಟ್ಟಿಸಿದವರು, ತೂಬು ನೋಡಿಕೊಂಡ ನೀರಗಂಟಿಗಳು, ಚಿನ್ನದ ಗಣಿಗೆ ಕೂಲಿಗೆ ಹೋದವರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಬೆಂಗಳೂರಿನ ರೈಲು ಹತ್ತಿದವರು, 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರು, ಕೆರೆಗೆ ಬಂದಾಗ ಖುಷಿಪಟ್ಟವರು, ಅದೇ ನೀರಿಗೆ ಮೂಗು ಮುರಿದವರು, ಎಲ್ಲರನ್ನೂ ಕೂರಿಸಿ ಮಾತಾಡಿಸಿ. ನಿರೂಪಕರಿಗೆ ಕನ್ನಡದ ಜೊತೆ ತೆಲುಗೂ ಬರಬೇಕು. ಇಲ್ಲದಿದ್ದರೆ ನಮ್ಮ ಕಡೆಯ ಅರ್ಧ ಮನೆಗಳ ಒಳಗಿನ ಮಾತೇ ಅವರಿಗೆ ತಿಳಿಯುವುದಿಲ್ಲ.