ಫ್ಯಾಂಟಮ್‌ಗೊಂದು ಮ್ಯಾಚಿಂಗ್ ಬ್ಲೌಸ್ ಪೀಸು

ನೈಟ್ ಲೈಟ್ ಆನ್ ಇತ್ತು. ಮೂರು ರಾತ್ರಿ, ಲೆಕ್ಕ ಹಾಕಿದ್ರೆ ಹತ್ತತ್ರ ಒಂಬತ್ತು ಗಂಟೆ, ಊಟ ಮುಗಿಸಿ ಕೂತು, ಹಳೇ ಕಾಮಿಕ್ಸಿನ ಮುಖವಾಡದ ಹೀರೋ ಫ್ಯಾಂಟಮ್ ಚಿತ್ರ ಸ್ಕ್ಯಾನ್ ಮಾಡ್ಕೊಂಡು ಅವನ ಬಟ್ಟೆಗೆ ನೇರಳೆ ಬಣ್ಣ ಹಾಕಿದೀನಿ, ಆ ಮೂರೂ ರಾತ್ರಿ ಲ್ಯಾಪ್‌ಟಾಪು ಏಳು ಗಂಟೆ ಆಗಿದ್ದೇ ತಡ ಕಣ್ಣಿಗೆ ತಂಪು ಅಂತ ತಾನಾಗೇ ಸ್ಕ್ರೀನನ್ನ ಅರಿಶಿನದ ನೀರಲ್ಲಿ ಅದ್ದಿ ಇಟ್ಟಿತ್ತು, ನನಗೆ ಗೊತ್ತೇ ಆಗ್ಲಿಲ್ಲ. ನೇರಳೆ ಯಾಕೋ ಕಂದು ಕಂದಾಗಿ ಕಾಣ್ತಿದೆಯಲ್ಲ ಅಂತ ಸ್ವಲ್ಪ ಕೆಂಪು ಇಳಿಸ್ದೆ, ನೀಲಿ ಏರಿಸ್ದೆ, ಇನ್ನೂ ಸ್ವಲ್ಪ ಏರಿಸ್ದೆ, ಆಹಾ ಈಗ ಬಂತು ನೋಡು ಅಂತ ಸೇವ್ ಮಾಡಿ ಹೆಂಡತಿಗೆ ವಾಟ್ಸಾಪಲ್ಲಿ ಕಳಿಸ್ದೆ (ಪಕ್ಕದ ರೂಮಲ್ಲೇ ಇದ್ಲು, ಅದು ಬೇರೆ ವಿಷಯ). ಅಲ್ಲಿಂದ್ಲೇ ಕೂಗಿದ್ಲು, "ಏನ್ರೀ ಇದು, ಗ್ಯಾರೇಜ್ ಮೆಕ್ಯಾನಿಕ್ಕಾ?"

ಹೋಗಿ ಅವಳ ಫೋನಲ್ಲಿ ನೋಡ್ದೆ. ಹೌದು, ಮೆಕ್ಯಾನಿಕ್ಕೇ. ಬೈಕ್ ಪಕ್ಕ ಕುಕ್ಕರಗಾಲಲ್ಲಿ ಕೂತು "ಅಣ್ಣಾ ಸ್ಪ್ಯಾನರ್ ಕೊಡಿ" ಅಂತಾರಲ್ಲ, ಅದೇ ನೀಲಿ. ವಾಪಸ್ ಬಂದು ನೈಟ್ ಲೈಟ್ ಆಫ್ ಮಾಡಿದ್ರೆ ನನ್ನ ಸ್ಕ್ರೀನಲ್ಲೂ ಅವನೇ ನಿಂತಿದ್ದ. ತಲೆಬುರುಡೆ ಉಂಗುರ, ಎರಡು ಪಿಸ್ತೂಲು, ಪಟ್ಟೆಪಟ್ಟೆ ಚಡ್ಡಿ ಎಲ್ಲ ಸರಿಯಾಗಿದೆ, ಆ ಚಡ್ಡಿಯ ಒಂದೊಂದು ಪಟ್ಟೆಗೂ ಬೇರೆ ಬೇರೆ ಕ್ಲಿಕ್ ಮಾಡಿ ಬಣ್ಣ ತುಂಬಿದೀನಿ ಸ್ವಾಮಿ. ಮಂಡಿ ಹತ್ರ ಸ್ಕ್ಯಾನಲ್ಲಿ ಗೆರೆ ಕೂದಲೆಳೆಯಷ್ಟು ಕಟ್ಟಾಗಿತ್ತು, ಗೆರೆ ಒಳಗೆ ಬಣ್ಣ ಸುರಿಯೋ ಬಕೆಟ್ ಟೂಲಲ್ಲಿ ಒತ್ತಿದ್ದೇ ಒತ್ತಿದ್ದು, ಬಣ್ಣ ಆ ಸಂದೀಲಿ ಸೋರಿ ಕಾಡು, ಕುದುರೆ, ಆಕಾಶ ಎಲ್ಲಾ ನೇರಳೆ ಆಗ್ಹೋಯ್ತು. ಆ ಸಂದು ಎಲ್ಲಿದೆ ಅಂತ ಹುಡುಕೋಕೆ ನಲವತ್ತು ನಿಮಿಷ. ಇದ್ರಿಂದ ದುಡ್ಡೇನಾದ್ರೂ ಬರತ್ತಾ ಅಂತ ಮನೆಗೆ ಬಂದೋರೆಲ್ಲ ಕೇಳ್ತಾರೆ, ಬರಲ್ಲ, ಮುಂದಕ್ಕೆ ಹೋಗೋಣ.

ಸಮಾಧಾನ ಮಾಡ್ಕೊಳ್ಳೋಕೆ ಒಂದು ದಾರಿ ಇತ್ತು. ಸ್ವೀಡನ್ ಕಡೆ ಫ್ಯಾಂಟಮ್ ನೀಲೀನೇ. ಇಟಲೀಲಿ ಕೆಂಪು. ನ್ಯೂಜಿಲೆಂಡಲ್ಲಿ ಕಂದು ಹಾಕಿದ್ರಂತೆ. ಲೀ ಫಾಕ್ 1936ರಲ್ಲಿ ಇವನನ್ನ ಶುರು ಮಾಡಿದಾಗ ದಿನಾ ಪೇಪರಲ್ಲಿ ಬರ್ತಿದ್ದದ್ದು ಕಪ್ಪು ಬಿಳುಪು, ಬಣ್ಣದ ಚಿಂತೆ ಯಾರಿಗೂ ಇರ್ಲಿಲ್ಲ, ಆ ಪುಣ್ಯಾತ್ಮನ ತಲೇಲಿ ಮಾತ್ರ ಬೂದು ಇತ್ತು, ಗ್ರೇ ಘೋಸ್ಟ್ ಅಂತಾನೇ ಹೆಸರಿಡೋ ಯೋಚನೆನೂ ಇತ್ತು. 1939ರ ಮೇ ತಿಂಗಳಲ್ಲಿ ಭಾನುವಾರದ ಕಲರ್ ಪುಟ ಶುರುವಾದಾಗ ನೋಡಿದ್ರೆ ನೇರಳೆ. ಬೂದು ಅಂದ್ಕೊಂಡು ಹೆತ್ತ ಮಗು ನೇರಳೆ ಹಾಕ್ಕೊಂಡು ಬಂದು ಬಾಗಿಲಲ್ಲಿ ನಿಂತಿದೆ, ಅಪ್ಪನೇನೋ ಒಪ್ಕೊಂಡ, ನಾನು ಯಾಕೆ ಒಂದು ನೀಲಿಗೆ ಇಷ್ಟು ಒದ್ದಾಡ್ಬೇಕು ಹೇಳಿ.

ಕಾಮಿಕ್ಸಿನ ಇನ್ನೊಬ್ಬ ದೈತ್ಯ ಹೀರೋ ಹಲ್ಕ್ ಕಥೆನೂ ಹಿಂಗೇ. 1962ರ ಮೊದಲ ಸಂಚಿಕೇಲಿ ಅವನು ಬೂದು. ಪ್ರೆಸ್ಸಲ್ಲಿ ಆ ಬೂದು ಒಂದೊಂದು ಪುಟಕ್ಕೆ ಒಂದೊಂದು ಥರ ಬಂತು, ಸಾಕಪ್ಪ ಸಹವಾಸ ಅಂತ ಎರಡನೇ ಸಂಚಿಕೆಗೆ ಹಸಿರು ಮಾಡಿಬಿಟ್ರು. ಈಗ ಮಕ್ಕಳ ಟಿಫಿನ್ ಡಬ್ಬಿ ಮೇಲೂ ಹಸಿರು. ಪ್ರೆಸ್ಸಲ್ಲಿ ಬೂದು ಸರಿಯಾಗಿ ಕೂರ್ಲಿಲ್ಲ, ಅಷ್ಟೇ ಕಾರಣ.

ಸರಿ, ಇಲ್ಲಿ ಸ್ವಲ್ಪ ಬೈಕೋತೀನಿ. ಆಗಿನ ಅಮೆರಿಕನ್ ಕಾಮಿಕ್ಸಲ್ಲಿ ಬಣ್ಣ ಹಾಕೋರ ಕೈಲಿ ಇದ್ದದ್ದು ಸಯಾನ್ (ಹಸಿರು ಬೆರೆತ ನೀಲಿ), ಮೆಜೆಂಟಾ (ಗಾಢ ಗುಲಾಬಿ), ಹಳದಿ, ಜೊತೆಗೆ ಗೆರೆಗೆ ಕಪ್ಪು. ಆ ಮೂರು ಬಣ್ಣಕ್ಕೂ ತಲಾ ನಾಲ್ಕೇ ಅಳತೆ, ಇಲ್ವೇ ಇಲ್ಲ, ಇಲ್ಲಾ 25 ಪರ್ಸೆಂಟು, ಇಲ್ಲಾ 50, ಇಲ್ಲಾ ಪೂರ್ತಿ 100. ನಾಲ್ಕು ಇಂಟು ನಾಲ್ಕು ಇಂಟು ನಾಲ್ಕು, ಒಟ್ಟು 64 ಬಣ್ಣ. ಅಷ್ಟರಲ್ಲೇ ಸೂರ್ಯಾಸ್ತ, ಅಷ್ಟರಲ್ಲೇ ರಕ್ತ, ಅಷ್ಟರಲ್ಲೇ ಹೀರೋಯಿನ್ ಕೆನ್ನೆ. ಕಪ್ಪು ಕೂದಲಿಗೆ ಬರೀ ಕಪ್ಪು ತುಂಬಿದ್ರೆ ತಲೆ ಮೇಲೆ ಟಾರ್ ಸುರಿದ ಹಾಗೆ ಕಾಣತ್ತೆ ಅಂತ ಮಧ್ಯ ಮಧ್ಯ ನೀಲಿ ಬಿಡ್ತಿದ್ರು, ಸೂಪರ್‌ಮ್ಯಾನ್ ತಲೆ ನೋಡಿ ಬೇಕಾದ್ರೆ. ಹಳೇ ಕಾಮಿಕ್ಸಿಗೆ ಮತ್ತೆ ಬಣ್ಣ ಹಾಕೋ ಈಗಿನವರು ಏನ್ಮಾಡ್ತಾರೆ, ಆ ನೀಲೀನ "ತಪ್ಪು" ಅಂತ ತಿದ್ದಿ ಕಪ್ಪು ಬಳೀತಾರೆ! ಆಮೇಲೆ ಪ್ರತಿ ಮಾಂಸಖಂಡಕ್ಕೂ ಎಣ್ಣೆ ಹಚ್ಚಿದ ಹಾಗೆ ಮಿಂಚು, ಹಿಂದುಗಡೆ ಒಂದು ಕಿತ್ತಳೆ ಹೊಗೆ, ಮೂಲ ಚಿತ್ರಕಾರ ಎರಡೇ ಗೆರೇಲಿ ಬಿಟ್ಟ ಹೊಟ್ಟೆ ಮೇಲೆ ಆರು ಇಡ್ಲಿ. ಅದಕ್ಕೆ "ಹೆಚ್‌ಡಿ ರೀಸ್ಟೋರ್ಡ್" ಅಂತ ಹೆಸರು. ಹಳೇ ದೇವಸ್ಥಾನದ ಕಂಬಕ್ಕೆ ಆಯಿಲ್ ಪೇಂಟ್ ಹೊಡೆಯೋರು ಇದಾರಲ್ಲ, ಅವರ ಮನೆ ಮಕ್ಕಳೇ ಇವ್ರು ಅಂತ ನನಗೆ ಅನುಮಾನ. ನಮ್ಮಕ್ಕನ ಮಗ ಇನ್ನೊಂದು ಹೆಜ್ಜೆ ಮುಂದೆ, "ಮಾಮ, ಇದನ್ನ ಎಐಗೆ ಕೊಟ್ರೆ ಎರಡು ಸೆಕೆಂಡು" ಅಂದ. ಕೊಡು ನೋಡೋಣ ಅಂದೆ. ಕೊಟ್ಟ. ಎರಡು ಸೆಕೆಂಡ್ ಆಗ್ಲಿಲ್ಲ, ಹನ್ನೊಂದು ಸೆಕೆಂಡ್ ಆಯ್ತು, ನಾನು ಎಣಿಸ್ತಾ ಇದ್ದೆ. ಫ್ಯಾಂಟಮ್‌ಗೆ ಕಣ್ಣಲ್ಲಿ ಪಾಪೆ ಬರೆದಿತ್ತು. ಫ್ಯಾಂಟಮ್‌ಗೆ! ಮುಖವಾಡದ ಹಿಂದೆ ಅವನ ಕಣ್ಣು ಯಾರಿಗೂ ಕಾಣಬಾರದು ಅನ್ನೋದೇ ವಿಷಯ ಅಲ್ವೇನೋ ಅಂತ ರೇಗ್ಬಿಟ್ಟೆ, ಪಾಪ ಹುಡುಗ ಕಾಫಿನೂ ಕುಡೀದೆ ಹೋದ. (ನಾನೇನು ಸಾಚಾ ಅಲ್ಲ. ನನ್ನ ಫೈಲಲ್ಲೂ "ಹಳೇ ಪೇಪರ್" ಅಂತ ಒಂದು ಲೇಯರ್, ಅಂದ್ರೆ ಚಿತ್ರದ ಒಂದು ಪದರ, ಇದೆ, ಹಳದಿ, ಹನ್ನೆರಡು ಪರ್ಸೆಂಟು. ಯಾರಿಗೂ ಹೇಳಿಲ್ಲ.)

ನನಗೆ ಈ ನೇರಳೆ ಹುಚ್ಚು ಹತ್ತಿದ್ದು ಇಂದ್ರಜಾಲ ಕಾಮಿಕ್ಸಿಂದ. 1964ರಲ್ಲಿ ಶುರುವಾಗಿದ್ದು ಅದು, ನನ್ನ ಕೈಗೆ ಬರೋ ಹೊತ್ತಿಗೆ ಮೂರು ಮನೆ ದಾಟಿ, ರಟ್ಟು ಕಿತ್ತು, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಬಂದಿರ್ತಿತ್ತು. ಅದ್ರಲ್ಲಿ ಫ್ಯಾಂಟಮ್ ಇರೋ ಬಂಗಲ್ಲಾ ಅನ್ನೋ ದೇಶಾನೇ ಡೆಂಕಾಲಿ ಮಾಡಿಬಿಟ್ಟಿದ್ರು, ದೇಶಾನೇ ಬದಲಾಯಿಸಿದೋರಿಗೆ ಬಟ್ಟೆ ಬಣ್ಣ ಯಾವ ಲೆಕ್ಕ. ನನ್ನ ಹತ್ರ ಉಳಿದಿರೋ ಒಂದು ಪ್ರತೀಲಿ ಎಡಗಡೆ ಪುಟದಲ್ಲಿ ಅವನು ನೇರಳೆ, ಬಲಗಡೆ ಹೆಚ್ಚುಕಮ್ಮಿ ನೀಲಿ, ಒಂದು ಕಡೆಯಂತೂ ಬಣ್ಣ ಗೆರೆ ಬಿಟ್ಟು ಪಕ್ಕಕ್ಕೆ ಸರಿದು ಅವನ ಹಿಂದೆ ಇನ್ನೊಬ್ಬ ನೇರಳೆ ಫ್ಯಾಂಟಮ್ ಬಗ್ಗಿ ನೋಡ್ತಿರೋ ಹಾಗಿದೆ. ಯಾವ ನೇರಳೆ ಸರಿ ಅಂತ ಗೊತ್ತು ಮಾಡ್ಕೊಳ್ಳೋದು ಹೆಂಗೆ, ಅದೇ ನಾನು ಹೇಳೋಕೆ ಹೊರಟಿದ್ದು, ಆದ್ರೆ ಅದಕ್ಕೆ ಮುಂಚೆ ಅಮ್ಮನ ರಿಸೆಪ್ಷನ್ ಸೀರೆ ವಿಷಯ ಹೇಳ್ಬೇಕು.

ರಿಸೆಪ್ಷನ್ ಅಮ್ಮಂದಲ್ಲ, ಚಿಕ್ಕಮ್ಮಂದು. ಸೀರೆ ಅಮ್ಮಂದು. ಬಣ್ಣ ಏನು ಅಂತ ಕೇಳಿದ್ರೆ ಅಮ್ಮ ನೇರಳೆ ಅಂತಿದ್ಲು, ಅಜ್ಜಿ ಊದಾ ಅಂತಿದ್ರು, ಅಪ್ಪ ಬದನೆಕಾಯಿ ಅಂತಿದ್ರು, ಅಪ್ಪ ಹೇಳಿದ್ದು ಯಾರೂ ಲೆಕ್ಕಕ್ಕೆ ತಗೋತಿರ್ಲಿಲ್ಲ. ಅದಕ್ಕೆ ಬ್ಲೌಸ್ ಪೀಸ್ ತರೋಕೆ ಮಲ್ಲೇಶ್ವರಂ ಎಂಟನೇ ಕ್ರಾಸಿನ ಒಂದು ಮ್ಯಾಚಿಂಗ್ ಸೆಂಟರ್‌ಗೆ ಹೊರಟ್ವಿ, ನನಗೆ ಮಸಾಲೆ ದೋಸೆ ಆಸೆ ತೋರಿಸಿ ಕರ್ಕೊಂಡ್ಹೋಗಿದ್ದು. ಆ ಅಂಗಡಿ ಒಳಗೆ ನೆಲದಿಂದ ಸೂರಿನ ತನಕ ಬರೀ ಬಟ್ಟೆ ಥಾನು, ಒಂದೇ ಗೋಡೇಲಿ ನೇರಳೆಗಳೇ ಒಂದು ಇಪ್ಪತ್ತು, ಮೇಲಿಂದ ಕೆಳಗೆ ಬರ್ತಾ ಬರ್ತಾ ಒಂದು ಚೂರು ಚೂರೇ ಕೆಂಪಾಗ್ತಾ ಹೋಗೋದು. ಅಂಗಡಿಯವರು ಬೆಳ್ಳಗೆ ಪಂಚೆ ಉಟ್ಟ ಯಜಮಾನ್ರು, ಸೀರೇನ ಒಂದ್ಸಲ ನೋಡಿ ತಿರುಗಿ ನೋಡದೇನೇ ಕೈ ಹಿಂದಕ್ಕೆ ಚಾಚಿ ಒಂದು ಟೂ ಬೈ ಟೂ ರೂಬಿಯಾ ಎಳೆದ್ರು. ನನಗೆ ಅದು ಸರಿಯಾಗೇ ಕಂಡಿತ್ತು. ಅಮ್ಮ "ಹೊರಗೆ ಬೆಳಕಲ್ಲಿ ನೋಡ್ತೀನಿ" ಅಂದ್ಲು.

ಹೊರಗೆ ಅಂದ್ರೆ ಅಂಗಡಿ ಮೆಟ್ಲು. ಟ್ಯೂಬ್‌ಲೈಟಲ್ಲಿ ಅಣ್ಣ ತಮ್ಮಂದಿರ ಹಾಗಿದ್ದ ಎರಡೂ ಬಟ್ಟೆ ಬಿಸಿಲಿಗೆ ಬಂದಿದ್ದೇ ದಾಯಾದಿಗಳು. ಒಳಗೆ ಹೋದ್ಲು. ಇನ್ನೊಂದು ಬಂತು. ಹೊರಗೆ ಬಂದ್ಲು. ಇದು ಏಳು ಸಲ ಆಯ್ತು, ನಾನು ದೋಸೆ ಲೆಕ್ಕದಲ್ಲಿ ಎಣಿಸ್ತಿದ್ದೆ. ನಾಲ್ಕನೇ ಸಲಕ್ಕೆ ಯಜಮಾನ್ರೂ ಜೊತೆಗೆ ಮೆಟ್ಲಿಗೆ ಬಂದು, ಅಮ್ಮನ ಕೈಯಿಂದ ಸೀರೆ ತಗೊಂಡು, ಜರಿ ಬಾರ್ಡರ್ ಮೇಲೆ ಅಂಗೈ ಮುಚ್ಚಿ, "ಬಾರ್ಡರ್ ನೋಡ್ಬೇಡಿ ಅಮ್ಮಾ, ಅದು ಮೋಸ ಮಾಡತ್ತೆ, ಒಡಲು ನೋಡಿ" ಅಂದ್ರು. ಕೈ ಮುಚ್ಚಿದ ತಕ್ಷಣ ಆ ನೇರಳೆ ಬೇರೇನೇ ಆಯ್ತು, ನಾನು ಕಣ್ಣಾರೆ ನೋಡಿದೀನಿ, ಜರಿಯ ಹಳದಿ ಪಕ್ಕ ಇದ್ದಾಗ ಒಂಥರಾ, ಇಲ್ದೇ ಇದ್ದಾಗ ಒಂಥರಾ. ಆರನೇ ಪೀಸ್ ಹಿಡ್ಕೊಂಡಾಗ ಸೂರ್ಯ ಮೋಡದ ಹಿಂದೆ ಹೋದ. "ತಡೀರಿ, ಮೋಡ ಹೋಗ್ಲಿ" ಅಂದ್ಲು ಅಮ್ಮ. ಮೂರು ಜನಾನೂ ಮೆಟ್ಲ ಮೇಲೆ ನಿಂತು ಆಕಾಶ ನೋಡಿದ್ವಿ. ದಾರೀಲಿ ಹೋಗ್ತಿದ್ದ ಒಬ್ಬರು ಹೆಂಗಸು, ಕೈಲಿ ಸೊಪ್ಪಿನ ಚೀಲ, ಗುರುತಿಲ್ಲ ಪರಿಚಯ ಇಲ್ಲ, ನಿಂತು ನೋಡಿ "ಒಂದು ಪಾಯಿಂಟ್ ಡಾರ್ಕ್ ಆಯ್ತು" ಅಂತ ತೀರ್ಪು ಕೊಟ್ಟು ಹೋದ್ರು. ಆ ಯಜಮಾನ್ರೂ ಹೌದು ಅಂತ ತಲೆ ಆಡಿಸಿದ್ರು, ತಮ್ಮ ಮಾಲಿಗೆ ತಾವೇ! ಏಳನೇದು ಸರಿಹೋಯ್ತು. ಅದಾದ್ಮೇಲೆ ಫಾಲ್ ಬಟ್ಟೆ. ಅದಕ್ಕೆ ಮತ್ತೆ ಮೂರು ಸಲ ಹೊರಗೆ. ಫಾಲ್ ಒಳಗಡೆ ಇರತ್ತಲ್ಲಮ್ಮ ಯಾರಿಗೆ ಕಾಣತ್ತೆ ಅಂದೆ, ಸುಮ್ನಿರೋ ಅಂತ ಬೈಸ್ಕೊಂಡೆ. ಹೋಟೆಲಿಗೆ ಹೋಗೋ ಹೊತ್ತಿಗೆ ದೋಸೆ ಹೆಂಚು ಆಫ್ ಮಾಡಿದ್ರು, ಉಪ್ಪಿಟ್ಟು ತಿಂದ್ವಿ. ಅದನ್ನ ನಾನು ಇವತ್ತಿಗೂ ಮರೆತಿಲ್ಲ.

ಮನೆಗೆ ಬಂದು ಸಂಜೆ ಬಲ್ಬಿನ ಬೆಳಕಲ್ಲಿ ಅಪ್ಪನಿಗೆ ತೋರಿಸಿದ್ಲು. ಅಪ್ಪ ಪೇಪರ್ ಕೆಳಗಿಟ್ಟು, ಕನ್ನಡಕ ಮೇಲೆತ್ತಿ, "ಎರಡೂ ಬೇರೆ ಬೇರೆ ಕಾಣ್ತಿದೆಯಲ್ಲೇ" ಅಂದ್ರು. ಬಿಸಿಲಲ್ಲಿ ಸರಿಯಾಗಿದೆ ಅಂದ್ಲು ಅಮ್ಮ. "ರಿಸೆಪ್ಷನ್ ರಾತ್ರಿ ಏಳೂವರೆಗೆ ಅಲ್ವೇನೇ?"

ಎರಡು ದಿನ ಅಪ್ಪನಿಗೆ ಎರಡನೇ ಕಾಫಿ ಸಿಗ್ಲಿಲ್ಲ.

ಈಗ ಮಾನಿಟರ್ ಬಣ್ಣ ಸರಿ ಮಾಡೋಕೆ ಅಂತ ಒಂದು ಯಂತ್ರ ಸಿಗತ್ತೆ, ಸ್ಕ್ರೀನ್ ಮೇಲೆ ಕಪ್ಪೆ ಥರ ಕೂರಿಸೋದು, ಸ್ನೇಹಿತನ ಹತ್ರ ತಂದು ಕೂರಿಸಿ, ನೈಟ್ ಲೈಟ್ ಶಾಶ್ವತವಾಗಿ ಆಫ್ ಮಾಡಿ, ನೇರಳೇನ ಮೊದಲಿಂದ ಹಾಕ್ದೆ. ಯಜಮಾನ್ರ ಅಂಗೈ ನೆನಪಾಗಿ ಹಿಂದಿನ ಕಾಡಿನ ಲೇಯರ್ ಮುಚ್ಚಿ ನೋಡ್ದೆ, ಹಸಿರು ಹೋದ ತಕ್ಷಣ ನೇರಳೆ ಸಪ್ಪೆ ಆಯ್ತು. ಕಾಡು ವಾಪಸ್ ತಂದೆ, ಜಾಸ್ತಿ ಆಯ್ತು. ಹಿಂಗೇ ಒಂದು ಗಂಟೆ. ಕೊನೆಗೆ ಪ್ರಿಂಟ್ ತೆಗೆಸೋದೇ ಮೇಲು ಅಂತ ಬೆಳಿಗ್ಗೆ ಪೆನ್‌ಡ್ರೈವ್ ಜೇಬಿಗೆ ಹಾಕ್ಕೊಂಡು ಮೂಲೆ ಮೇಲಿನ ಜೆರಾಕ್ಸ್ ಅಂಗಡಿಗೆ ಹೋದೆ. ಬಂತು. ಅಚ್ಚ ಕೆಂಪು. "ಸಯಾನ್ ಖಾಲಿಯಾಗ್ತಾ ಬಂದಿದೆ ಸಾರ್, ಪರ್ವಾಗಿಲ್ವಾ?" ಅಂದ ಹುಡುಗ, ಪ್ರಿಂಟ್ ಕೈಗೆ ಕೊಟ್ಟಾದ ಮೇಲೆ, ದುಡ್ಡು ತಗೊಂಡಾದ ಮೇಲೆ. ನಿನ್ನೆ ಸ್ವೀಡನ್, ಇವತ್ತು ಇಟಲಿ. ಹೊಸ ಕಾರ್ಟ್ರಿಜ್ ಹಾಕಿಸಿ ಇನ್ನೊಂದು ತೆಗೆಸ್ದೆ, ಮತ್ತೆ ಮೂವತ್ತು ರೂಪಾಯಿ. ಇದು ನೇರಳೆ ಅಂತ ನನಗನ್ನಿಸ್ತು, ಆದ್ರೆ ನನಗನ್ನಿಸೋದರ ಮೇಲೆ ನನಗೇ ನಂಬಿಕೆ ಹೋಗಿತ್ತು.

ಅಮ್ಮ ಹಾಲಲ್ಲಿ ಹುರುಳಿಕಾಯಿ ನಾರು ತೆಗೀತಾ ಕೂತಿದ್ಲು. ಅವಳಿಗೆ ಈಗ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಆಪರೇಷನ್ ಆದ್ಮೇಲೆ ಮನೆ ಗೋಡೆ ಎಲ್ಲ ಬೆಳ್ಳಗೆ ಕಾಣ್ತಿದೆ, ಇಷ್ಟು ವರ್ಷ ಕ್ರೀಮ್ ಕಲರ್ ಅಂದ್ಕೊಂಡಿದ್ದೆ ಅಂತಾಳೆ. ಪ್ರಿಂಟು ಮುಂದೆ ಹಿಡಿದು ಇದು ಯಾವ ಬಣ್ಣಮ್ಮ ಅಂದೆ. ಇದ್ಯಾರೋ ಅಂತ ಕೇಳ್ಲಿಲ್ಲ, ಮುಖವಾಡ ಯಾಕೆ ಅಂತ ಕೇಳ್ಲಿಲ್ಲ, ಪ್ಯಾಂಟಿನ ಮೇಲೆ ಚಡ್ಡಿ ಯಾಕೆ ಅಂತಾನೂ ಕೇಳ್ಲಿಲ್ಲ. ಕೈ ಒರೆಸ್ಕೊಂಡು, ಪ್ರಿಂಟ್ ತಗೊಂಡು, ಬೆಲ್ಟಿನ ಮೇಲೆ ಹೆಬ್ಬೆರಳು ಮುಚ್ಚಿ, ಎದ್ದು ಬಾಲ್ಕನಿ ಕಡೆ ನಡೆದ್ಲು. ನಾನೂ ಹಿಂದೆ ಹೋದೆ.

"ತಡಿ ಕಣೋ," ಅಂದ್ಲು ಮೇಲೆ ನೋಡ್ತಾ, "ಮೋಡ ಹೋಗ್ಲಿ."