ವಾರಕ್ಕೆ 65 ಡಾಲರ್ ಸಂಬಳ, ಬೆಲ್ಟಿಗೆ ವಜ್ರ

1931ರ 'ದಿ ಫಿಂಗರ್ ಪಾಯಿಂಟ್ಸ್' ನೋಡಿದೆ. ಮೂಕಿ ಕಾಲದ ದೊಡ್ಡ ಸ್ಟಾರ್ ರಿಚರ್ಡ್ ಬಾರ್ತಲ್ಮೆಸ್ ಇದರ ಹೀರೋ. ಮೈಕಿನ ಮುಂದೆ ಪಾಪ, ಪಾಠ ಒಪ್ಪಿಸಿದ ಹಾಗೆ ಮಾತಾಡುತ್ತಾನೆ. ರೌಡಿ ಪಾತ್ರದ ಕ್ಲಾರ್ಕ್ ಗೇಬಲ್ ಬಂದ ತಕ್ಷಣ ಸೀನ್ ಅವನದ್ದೇ.

ಸವಾನಾ ಊರಿನ ಹುಡುಗ ಲೀ ದೊಡ್ಡ ನಗರದ ಪತ್ರಿಕೆ ಸೇರುತ್ತಾನೆ. ಜೂಜು ಅಡ್ಡೆಯ ಸುದ್ದಿ ಬರೆದು ಏಟು ತಿನ್ನುತ್ತಾನೆ. ಆಸ್ಪತ್ರೆ ಬಿಲ್ ತಲೆ ಮೇಲೆ ಕೂತಿದೆ, ಸಂಬಳ ನೋಡಿದರೆ ಪುಡಿಗಾಸು. ಕೊನೆಗೆ ಸುದ್ದಿ ಬರೆಯದೇ ಇರುವುದಕ್ಕೆ ರೌಡಿಗಳ ಹತ್ತಿರ ದುಡ್ಡು ತಗೊಳ್ಳಲು ಶುರು ಮಾಡುತ್ತಾನೆ. ಇಷ್ಟು ಭಾಗ ಚೆನ್ನಾಗಿದೆ. ಪತ್ರಕರ್ತರಿಗೆ ಕವರಿನಲ್ಲಿ ದುಡ್ಡು ಕೊಡುವ ಸಂಸ್ಕೃತಿ ಕಂಡ ನಮಗೆ ಇದೇನೂ ಹೊಸದಲ್ಲ, ಅಲ್ವಾ?

ಆದರೆ ಕಥೆಗೆ ಪ್ರೇರಣೆಯಾದ ನಿಜವಾದ ಕೊಲೆ ಇನ್ನೂ ಖಾರವಾಗಿದೆ. ಜೇಕ್ ಲಿಂಗಲ್ 'ಷಿಕಾಗೋ ಟ್ರಿಬ್ಯೂನ್' ವರದಿಗಾರ. ವರದಿಗಾರ ಅಂತ ಹೆಸರಷ್ಟೇ, ಬರೆಯುತ್ತಲೇ ಇರಲಿಲ್ಲ. ಸುದ್ದಿ ಹೆಕ್ಕಿ ಫೋನಿನಲ್ಲಿ ಆಫೀಸಿಗೆ ಹೇಳುವುದು ಅವನ ಕೆಲಸ. ಸಂಬಳ ವಾರಕ್ಕೆ 65 ಡಾಲರ್, ಆದಾಯ ವರ್ಷಕ್ಕೆ 60 ಸಾವಿರದ ಹತ್ತಿರ! ಸೊಂಟದಲ್ಲಿ ಷಿಕಾಗೋದ ರೌಡಿ ದೊರೆ ಅಲ್ ಕಪೋನ್ ಕೊಟ್ಟ ವಜ್ರದ ಬಕಲ್. 1930ರ ಜೂನ್ 9ರಂದು ಕುದುರೆ ರೇಸಿಗೆ ಹೋಗಲು ರೈಲು ಹಿಡಿಯಬೇಕಿತ್ತು. ಜನ ತುಂಬಿದ್ದ ಸುರಂಗದಾರಿಯಲ್ಲಿ ಹಿಂದಿನಿಂದ ಬಂದವನು ತಲೆಗೆ ಗುಂಡು ಹೊಡೆದ. ಬಿದ್ದಾಗಲೂ ಬಾಯಲ್ಲಿ ಸಿಗಾರ್ ಇತ್ತಂತೆ.

ಟ್ರಿಬ್ಯೂನ್ ಅವನನ್ನು ಹುತಾತ್ಮ ಮಾಡಿತು, ಕೊಲೆಗಾರನ ಸುಳಿವಿಗೆ 25,000 ಡಾಲರ್ ಬಹುಮಾನ ಸಾರಿತು. ಆಮೇಲೆ ಅವನ ಲೆಕ್ಕಪತ್ರ ಕೆದಕಿದರು ನೋಡಿ, ಮಾನ ಹೋಯಿತು. ಪೊಲೀಸ್ ಕಮಿಷನರ್ ವಿಲಿಯಂ ರಸೆಲ್ ಜೊತೆ ಷೇರು ವ್ಯವಹಾರದ ಜಂಟಿ ಖಾತೆ ಸಿಕ್ಕಿತು. ರಸೆಲ್ ಕುರ್ಚಿ ಬಿಡಬೇಕಾಯಿತು.

ನನ್ನ ತಕರಾರು ಇಲ್ಲೇ. ಕೊಲೆಯಾಗಿ ವರ್ಷ ತುಂಬುವ ಮೊದಲೇ ಬಂದ ಸಿನಿಮಾ ಇದು. ಇಡೀ ಊರಿಗೆ ಗೊತ್ತಿದ್ದ ವಿಷಯ ಬಿಟ್ಟು, ಬಡ ಹುಡುಗನೊಬ್ಬ ದಾರಿ ತಪ್ಪಿದ ಅಂತ ಕಥೆ ಕಟ್ಟಿದ್ದಾರೆ. ಲೀ ಬಗ್ಗೆ ಅಯ್ಯೋ ಅನಿಸುತ್ತದೆ ನಿಜ. ಆದರೆ ಲಿಂಗಲ್ ಒಬ್ಬನೇ ತಿನ್ನುತ್ತಿರಲಿಲ್ಲ, ಜೊತೆಗೆ ಕಮಿಷನರೇ ಇದ್ದ. ಅವನನ್ನು ತೆರೆ ಮೇಲೆ ತರುವ ಧೈರ್ಯ ಯಾಕೆ ಬರಲಿಲ್ಲ? ಸಂಬಳ ಕಡಿಮೆ ಅನ್ನುವ ಕಾರಣ 65 ಡಾಲರಿಗೆ ಸರಿ, 60 ಸಾವಿರಕ್ಕೆ ಸಾಲದು.